ನಮ್ಮ ಸೀಮೆಯ ಕಾಡಿನ ಕತೆಗಾರ ಕೆನ್ನೆತ್ ಆಂಡರ್ಸನ್

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಹೊದಿಕೆ ಹರಿದು ಮತ್ತೆ ಮತ್ತೆ ಅಂಟಿಸಿಕೊಂಡ ಪುಸ್ತಕಗಳನ್ನು ಎಣಿಸಿದರೆ ಬೇಟೆಯ ಪುಸ್ತಕಗಳೇ ಹೆಚ್ಚು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಕಪಾಟಿನಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಅದರ ಮೂಲ ಲೇಖಕರು ನಮ್ಮ ಹೊಸೂರು, ದೇಂಕಣಿಕೋಟೆ ಸೀಮೆಯ ಕಾಡುಗಳಲ್ಲಿಯೇ ಅಲೆದವರೆಂಬುದು ಮಾತ್ರ ಓದುವವರಲ್ಲಿ ಅನೇಕರಿಗೆ ತಿಳಿಯದು.

ಕೆನ್ನೆತ್ ಆಂಡರ್ಸನ್ ಅವರು 1910ನೆಯ ಇಸವಿ ಮಾರ್ಚ್ 8ರಂದು ಹೈದರಾಬಾದಿನ ಬಳಿಯ ಬೊಲಾರಂನಲ್ಲಿ ಜನಿಸಿದರು. ಅವರದು ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಅಂಚೆ ಮತ್ತು ತಂತಿ ಇಲಾಖೆಯಲ್ಲಿಯೂ ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ಉದ್ಯೋಗ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಅನೇಕ ಬಿಳಿಯರು ಗಂಟುಮೂಟೆ ಕಟ್ಟಿದರೂ ಇವರು ಹೋಗಲಿಲ್ಲ. ರಜೆ ಸಿಕ್ಕಿತೆಂದರೆ ರೈಫಲ್ ಹೆಗಲಿಗೇರಿಸಿ ಕಾಡಿಗೆ ಹೊರಟುಬಿಡುತ್ತಿದ್ದರು.

ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1954ರಲ್ಲಿ. ಆಗ ಅವರಿಗೆ ನಲವತ್ತನಾಲ್ಕು ವರ್ಷ. ನಾವು ದಿನವೂ ಬಸ್ಸಿನ ಹಲಗೆಯಲ್ಲಿ ಓದುವ ಜವಳಗಿರಿ, ಗುಮ್ಮಳಾಪುರದಂತಹ ಹೆಸರುಗಳು ಹೀಗೆ ಕಡಲಾಚೆಯ ಓದುಗರ ಬಾಯಿಗೆ ಬಂದವು. ಆ ಪುಸ್ತಕಗಳಲ್ಲಿ ಬರುವ ಬೈರನೆಂಬ ಕಾಡಿನ ಮನುಷ್ಯ, ಪೆನ್ನಾಗರದ ಕಡೆಯ ರಂಗ, ಇವರು ಬರಿಯ ಆಳುಗಳಲ್ಲ. ಹೆಜ್ಜೆಯ ಗುರುತು ಓದುವುದರಲ್ಲಿ ಬೈರನು ತನ್ನ ಗುರುವೆಂಬಂತೆಯೇ ಆಂಡರ್ಸನ್ ಬರೆದಿದ್ದಾರೆ. ಬೈರನ ಕೈಯಲ್ಲಿ ಲೇಖನಿ ಇದ್ದಿದ್ದರೆ ಕತೆ ಹೇಗಿರುತ್ತಿತ್ತೋ ಎಂದು ನಮಗೆ ಆಗಾಗ ಅನ್ನಿಸುವುದುಂಟು.

ಗುಮ್ಮಳಾಪುರದ ಚಿರತೆ ಸುಮಾರು 42 ಜನರನ್ನು ಕೊಂದಿತ್ತಂತೆ. ಕತ್ತಲಾಗುವ ಮೊದಲೇ ಊರಿಗೆ ಊರೇ ಬಾಗಿಲು ಭದ್ರಪಡಿಸುತ್ತಿದ್ದ ಕಾಲ. ಅಲ್ಲಿ ಒಂದು ಬೀದಿನಾಯಿಗೆ ಆಂಡರ್ಸನ್ ನಾಲ್ಕು ಬಿಸ್ಕತ್ತು ಹಾಕಿದರು. ಅದು ಬೆನ್ನು ಬಿಡಲಿಲ್ಲ. ಮುಂದೆ ಒಂದು ರಾತ್ರಿ ಚಿರತೆ ಹತ್ತಿರ ಬಂದುದನ್ನು ತಿಳಿಸಿ ಅವರ ಜೀವ ಉಳಿಸಿದ್ದು ಅದೇ ನಾಯಿ. ಅದಕ್ಕೆ ನಿಪ್ಪರ್ ಎಂದು ಹೆಸರಿಟ್ಟು ತಮ್ಮೊಂದಿಗೆ ಕರೆದೊಯ್ದು ಸಾಕಿಕೊಂಡರು.

ಆದರೆ ನಾವು ತರಗತಿಯಲ್ಲಿ ಹೇಳುವುದು ಜವಳಗಿರಿಯ ಹೆಣ್ಣುಹುಲಿಯ ಕತೆಯನ್ನು. ಅದರ ಜೊತೆಗಾರ ಗಂಡುಹುಲಿಯನ್ನು ಕಳ್ಳಬೇಟೆಗಾರರು ಕೊಂದರು. ಹೆಣ್ಣು ರಾತ್ರಿಯೆಲ್ಲ ಅದನ್ನು ಕರೆಯುತ್ತ ತಿರುಗಿತು. ಮುಂದೆ ಯಾರದೋ ಗುಂಡಿನಿಂದ ಗಾಯಗೊಂಡು ನರಭಕ್ಷಕವಾಯಿತು. ಎಷ್ಟು ಕಾದರೂ ಅದು ಸಿಗದಿರಲು, ಕಡೆಗೆ ಆಂಡರ್ಸನ್ ತಾವೇ ಗಂಡುಹುಲಿಯಂತೆ ಕೂಗಿದರು. ಸತ್ತ ಸಂಗಾತಿ ಬಂದಿತೆಂದು ನಂಬಿ ಅದು ಓಗೊಡುತ್ತ ಬಂದಿತು, ಗುಂಡಿಗೆ ಬಲಿಯಾಯಿತು. ಊರಿಗೆ ನೆಮ್ಮದಿಯಾಯಿತು. ಆಂಡರ್ಸನ್ನರಿಗೆ ಆಗಲಿಲ್ಲ. ಕಾಡಿನಲ್ಲಿ ಎದುರಾಗಿ ಗೆಲ್ಲದೆ ಮೋಸದಿಂದ ಕರೆದು ಕೊಂದೆನಲ್ಲ ಎಂಬ ಅಳುಕನ್ನು ಅವರು ಮುಚ್ಚಿಡದೆ ಬರೆದಿಟ್ಟರು. ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ ಬೇಟೆಗಾರರು ಬಹಳ. ಹೀಗೆ ಬರೆದವರು ಕಡಿಮೆ. ಒಮ್ಮೆ ಈ ಕತೆ ಮುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಹಾಗಾದರೆ ಕೊಲ್ಲಬಾರದಿತ್ತೇ ಸಾರ್, ಎಂದು ಕೇಳಿದ. ನಾವು ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆಯದಿದ್ದರೂ ಏನು ಹೇಳುತ್ತಿದ್ದೆವೋ!

ಮುಂದಿನ ಪುಸ್ತಕಗಳಲ್ಲಿ ಅವರು ಕಾಡು ಬರಿದಾಗುತ್ತಿರುವುದನ್ನು ಕಂಡು ಮರುಗಿದ್ದಾರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಬರೆದಿಟ್ಟಿದ್ದ ಮತ್ತೊಂದು ಪುಸ್ತಕ 1976ರಲ್ಲಿ ಹೊರಬಂದಿತು. ಹೊಸೂರು ಅರಣ್ಯ ವಿಭಾಗದ ಕೆಲವು ಕಾಡುಗಳು 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವೆಂದು ಘೋಷಿತವಾದವು.

ಗುಮ್ಮಳಾಪುರ, ಜವಳಗಿರಿ ಕಡೆಯಿಂದ ಬರುವ ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ವಿಚಾರಿಸಿ, ಆ ಚಿರತೆಯ ಅಥವಾ ಹುಲಿಯ ಸುದ್ದಿ ಅವರು ಕೇಳಿದ್ದುದುಂಟಾದರೆ ಬರೆದು ತನ್ನಿರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿರಿಸುತ್ತೇವೆ.