ಎರಡು ದಡಗಳ ನಡುವಿನ ತಾಯಿ ಕಸ್ತೂರಬಾ

ಊರಿನಿಂದ ನೆಂಟರು ಬಂದರೆ ಪುಣೆಯ ನಾವೆಲ್ಲ ಅವರನ್ನು ಆಗಾಖಾನ್ ಅರಮನೆಗೆ ಕರೆದೊಯ್ಯುತ್ತೇವೆ. ಅಲ್ಲಿ ಕಸ್ತೂರಬಾ ಅವರ ಸಮಾಧಿಯಿದೆ. ಗಾಂಧೀಜಿಯವರ ಮಡದಿ ಎಂದು ಕೈಮುಗಿದು ಬರುತ್ತೇವೆ. ಊರು ಬಿಟ್ಟು ಬಂದು ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅವರ ಬದುಕು ಇನ್ನೂ ಹತ್ತಿರದ್ದು.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಕಸ್ತೂರಬಾ ಅವರಿಗೆ ಚಿಕ್ಕಂದಿನಲ್ಲೇ ಮದುವೆಯಾಯಿತು. 1888ರಲ್ಲಿ ಹಿರಿಯ ಮಗ ಹರಿಲಾಲ್ ಕೈಗೂಸಾಗಿದ್ದಾಗ ಪತಿ ಓದಲು ಲಂಡನ್ನಿಗೆ ಹೊರಟರು. 1892ರಲ್ಲಿ ಮಣಿಲಾಲ್ ಹುಟ್ಟಿದ. ಮರುವರ್ಷವೇ ಪತಿ ದಕ್ಷಿಣ ಆಫ್ರಿಕಾಕ್ಕೆ ಹೋದರು.

1896ರ ಕೊನೆಯಲ್ಲಿ ತಾಯಿ-ಮಕ್ಕಳೂ ಅವರೊಂದಿಗೆ ಹಡಗು ಹತ್ತಿದರು. ಹೊಸ ದೇಶಕ್ಕೆ ತಕ್ಕಂತೆ ಕಾಣಬೇಕೆಂದು ಅವರಿಗೆ ಪಾರ್ಸಿ ಸೀರೆ, ಹುಡುಗರಿಗೆ ಕೋಟು, ಪ್ಯಾಂಟು. ಕಾಲುಚೀಲ, ಬೂಟು, ಚಾಕು-ಫೋರ್ಕಿನ ಊಟ ಎಲ್ಲವನ್ನೂ ಕಷ್ಟಪಟ್ಟು ರೂಢಿಸಿಕೊಂಡರು. ಡರ್ಬನ್ನಿನಲ್ಲಿ ಇಳಿದ ದಿನವೇ ಬಿಳಿಯರ ಗುಂಪು ಗಾಂಧೀಜಿಯವರನ್ನು ಹೊಡೆಯಿತು.

ಮುಂದೆ ರಾಮದಾಸ್, ದೇವದಾಸ್ ಹುಟ್ಟಿದರು. ಬೇರೆ ಭಾರತೀಯ ಮಕ್ಕಳಿಗೆ ಸಿಗದ ಯುರೋಪಿಯನ್ ಶಾಲೆ ತಮ್ಮ ಮಕ್ಕಳಿಗೂ ಬೇಡವೆಂದರು ತಂದೆ. ಗುಜರಾತಿ ಮರೆಯಬಾರದೆಂದು ಮನೆಯಲ್ಲೇ ಪಾಠ ಹೇಳಿದರು. ಆದರೆ ಕೆಲಸದ ನಡುವೆ ಅದಕ್ಕೆ ಸಮಯ ಸಾಲುತ್ತಿರಲಿಲ್ಲ. ಮಾತೃಭಾಷೆ ಉಳಿಯಿತು, ಶಾಲೆ ತಪ್ಪಿತು.

1901ರಲ್ಲಿ ಕುಟುಂಬ ಭಾರತಕ್ಕೆ ಮರಳಿತು. ಪತಿ ಮತ್ತೆ ಆಫ್ರಿಕಾಕ್ಕೆ ಹೋದ ಮೇಲೆ ಕಸ್ತೂರಬಾ ಕಿರಿಯ ಮೂವರೊಂದಿಗೆ ಹಿಂಬಾಲಿಸಿದರು, ಹರಿಲಾಲ್ ಇಲ್ಲಿಯೇ ಉಳಿದ. ಮುಂದೆ ಅವನೂ ಅಲ್ಲಿಗೆ ಹೋಗಿ ಸತ್ಯಾಗ್ರಹದಲ್ಲಿ ಹಲವು ಬಾರಿ ಜೈಲು ಕಂಡ. ಆದರೆ ಓದುವ ಆಸೆ ಒಳಗೇ ಕೊರೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಓದುವ ಅವಕಾಶ ಬಂದಾಗ ತಂದೆ ಆರಿಸಿದ್ದು ಬಂಧುವೊಬ್ಬರ ಮಗನನ್ನು. 1911ರಲ್ಲಿ ಹರಿಲಾಲ್ ಮನೆ ಬಿಟ್ಟು ಭಾರತಕ್ಕೆ ಬಂದ.

ತಾಯಿಯ ಹೋರಾಟ ನಿಲ್ಲಲಿಲ್ಲ. 1913ರಲ್ಲಿ ಅಲ್ಲಿನ ನ್ಯಾಯಾಲಯವೊಂದು ಕ್ರೈಸ್ತವಲ್ಲದ ಮದುವೆಗಳಿಗೆ ಮಾನ್ಯತೆಯಿಲ್ಲವೆಂದಿತು. ಹೆಂಡತಿಯ ಸ್ಥಾನ, ಮಕ್ಕಳ ಹಕ್ಕು ಎರಡಕ್ಕೂ ಕುತ್ತು ಬಂದಾಗ ಕಸ್ತೂರಬಾ ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು.

1914ರಲ್ಲಿ ದಂಪತಿ ಆಫ್ರಿಕಾ ಬಿಟ್ಟರು. ಆದರೆ 1917ರಲ್ಲಿ ಮಣಿಲಾಲ್ ಅಲ್ಲಿಗೇ ಮರಳಿದ. ತಂದೆ ಕಟ್ಟಿದ 'ಇಂಡಿಯನ್ ಒಪಿನಿಯನ್' ಪತ್ರಿಕೆ ನಡೆಸುತ್ತ ಕೊನೆಯವರೆಗೂ ಅಲ್ಲೇ ಉಳಿದ. ಹೀಗೆ ಒಬ್ಬ ಮಗ ಕಡಲಾಚೆ, ಇನ್ನೊಬ್ಬ ಕುಡಿತಕ್ಕೆ ಬಿದ್ದು ಕಣ್ಣೆದುರೇ ದೂರ.

ಒಮ್ಮೆ ಕಟ್ನಿ ರೈಲು ನಿಲ್ದಾಣದಲ್ಲಿ ಹರಿಲಾಲ್ ತಂದೆಗೆ ಕೊಡದೆ ತಾಯಿಗೆ ಮಾತ್ರ ಒಂದು ಕಿತ್ತಳೆ ಹಣ್ಣು ಕೊಟ್ಟನಂತೆ. ರೈಲು ಹೊರಟ ಮೇಲೆ, ಹಸಿದಿರಬಹುದಾದ ಮಗನಿಗೆ ತಾನೇನೂ ಕೊಡಲಿಲ್ಲವಲ್ಲ ಎಂದು ತಾಯಿಗೆ ನೆನಪಾಯಿತು. ಅಷ್ಟರಲ್ಲಿ ಪ್ಲಾಟ್‌ಫಾರಂ ಹಿಂದೆ ಸರಿದಿತ್ತು.

1944ರ ಫೆಬ್ರವರಿ 22ರಂದು, ಸೆರೆಮನೆಯಾಗಿದ್ದ ಇದೇ ಅರಮನೆಯಲ್ಲಿ ಅವರು ಕಣ್ಮುಚ್ಚಿದರು. ಕೊನೆಯ ದಿನಗಳಲ್ಲಿ ಹರಿಲಾಲನೂ ಬಂದು ನೋಡಿದ್ದ.

ಎಲ್ಲಿ ನೆಲೆಸಬೇಕು, ಯಾವ ಶಾಲೆ, ಯಾವ ಭಾಷೆ ಎಂದು ನಾವು ಹಿರಿಯರೇ ತೀರ್ಮಾನಿಸುತ್ತೇವೆ. ಅದರ ಫಲ ಉಣ್ಣುವವರು ಮಕ್ಕಳು. ಮುಂದಿನ ಸಲ ಆ ಸಮಾಧಿಯೆದುರು ನಿಂತಾಗ, ಮನೆಗೆ ಹೋಗಿ ಮಕ್ಕಳನ್ನೂ ಒಂದು ಮಾತು ಕೇಳೋಣ.