ಟೆಲಿಫೋನ್ ಕಾರ್ಖಾನೆಯ ಹಾಡುಗಾರ

ಗೆಳೆಯರೇ, ಸಿ. ಅಶ್ವತ್ಥ್ ಅವರ ಹಾಡು ಕೇಳದವರು ನಮ್ಮೂರಲ್ಲಿ ಯಾರಿದ್ದಾರೆ? ಆದರೆ ಅವರು ನಮ್ಮ ಕಡೇಲೇ ಕೆಲಸ ಮಾಡ್ತಿದ್ರು ಅಂತ ಮೊನ್ನೆ ಮೇಷ್ಟ್ರು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ವೈಟ್‌ಫೀಲ್ಡ್‌ನಿಂದ ಪೇಟೆಗೆ ಹೋಗುವಾಗ ಕೆ.ಆರ್. ಪುರ ದಾಟಿದರೆ ದೂರವಾಣಿನಗರ. ಅಲ್ಲಿನ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ 27 ವರ್ಷ ಅವರ ನೌಕರಿ. ಡ್ಯೂಟಿ ಮುಗಿದ ಮೇಲೆ ಹಾಡು, ನಾಟಕ, ಸಿನಿಮಾ!

ಅವರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಶಿಶುನಾಳ ಶರೀಫರು 1889ರಲ್ಲೇ ತೀರಿಹೋದವರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅಶ್ವತ್ಥ್ ರಾಗ ಹಾಕಿ ಹಾಡಿದರು. ಓದು ಬಾರದ ನಮ್ಮಜ್ಜಿಗೆ ಶರೀಫರ ಪದಗಳು ಬಾಯಿಗೆ ಬಂದದ್ದು ಹೀಗೆ, ಕೇಳಿ ಕೇಳಿ. ಅವರದು ನಯವಾದ ಕಂಠವಲ್ಲ, ದೂರದಿಂದ ಕೂಗಿ ಕರೆದ ಹಾಗಿರುತ್ತೆ. ನನಗೆ ಅದೇ ಇಷ್ಟ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಸಿದರು. ಬರೀ ಕವಿತೆ ಕೇಳೋಕೆ ಲಕ್ಷ ಜನ ಸೇರಿದ್ದರಂತೆ!

ಆಮೇಲೆ ಲಿವರ್, ಕಿಡ್ನಿ ಎರಡೂ ಕೈಕೊಟ್ಟವು. ಆಸ್ಪತ್ರೆ ಸೇರಿದರು. 2009ರ ಡಿಸೆಂಬರ್ 29ಕ್ಕೆ ಅವರಿಗೆ 70 ತುಂಬಿತು. ಹುಟ್ಟಿದ ದಿನವೇ ಹೋಗಿಬಿಟ್ಟರು.

ಬರುವ ಡಿಸೆಂಬರ್ 29ಕ್ಕೆ ಪ್ರಾರ್ಥನೆ ಆದಮೇಲೆ ಅವರದೊಂದು ಹಾಡು ಹಾಡೋಣ ಅಂತ ಮೇಷ್ಟ್ರನ್ನ ಕೇಳಿದ್ದೀನಿ.