ನಾಲ್ವಡಿ ಕೃಷ್ಣರಾಜ ಒಡೆಯರು: ನಾಡಿನ ಮಕ್ಕಳಿಗೆ ನಾಡಿನದೇ ವಿಶ್ವವಿದ್ಯಾನಿಲಯ

ಮಹನೀಯರ ಜೀವನಚರಿತ್ರೆ ಹೇಳುವುದು ಸಮಾಜ ವಿಜ್ಞಾನದವರ ಕೆಲಸ ಎಂದು ವಿಜ್ಞಾನ ಪದವಿಯಿಂದ ಬಂದ ನಾವು ಸಾಮಾನ್ಯವಾಗಿ ಪಕ್ಕಕ್ಕಿಡುತ್ತೇವೆ. ಆದರೆ ಹತ್ತನೇ ತರಗತಿಯ ಮಕ್ಕಳ ಮನಸ್ಸಿನಲ್ಲಿ ಸದಾ ಇರುವ ಪ್ರಶ್ನೆ ಮುಂದೆ ಸೀಟು ಸಿಗುತ್ತದೆಯೇ ಎಂಬುದು. ಆ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಮೊದಲು ದೊಡ್ಡ ಮಟ್ಟದಲ್ಲಿ ಉತ್ತರ ಹುಡುಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೋಧನಾಭ್ಯಾಸದಲ್ಲಿ ಗಣಿತದ ಶೇಕಡಾವಾರು ಪಾಠಕ್ಕೆ ಪೂರಕವಾಗಿ ಅವರ ಜೀವನವನ್ನು ಒಂದು ಅವಧಿಯಲ್ಲಿ ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು, ಮೈಸೂರು ಅರಮನೆಯಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡಾಗ ಮಗನಿಗೆ ಇನ್ನೂ ಹತ್ತು ವರ್ಷ. ಪಟ್ಟ ಹುಡುಗನಿಗಾಯಿತು, ರಾಜ್ಯಭಾರ ಮಾತ್ರ ತಾಯಿಯ ಹೆಗಲಿಗೆ ಬಂತು. ವಾಣಿವಿಲಾಸ ಸನ್ನಿಧಾನ ಎಂದು ಹೆಸರಾದ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟರಾಗಿ ಆಡಳಿತ ನಡೆಸಿದರು. ಹುಡುಗನ ಓದಿನ ಹೊಣೆ ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿಯದು. ರಾಜಕುಮಾರನಿಗೆ ಒಬ್ಬಂಟಿ ಪಾಠ ಹೇಳದೆ ಕೆಲವು ಸಹಪಾಠಿಗಳೊಂದಿಗೆ ಕಲಿಸಿದರು. ಆ ಸಹಪಾಠಿಗಳಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. ಅವರೇ ಮುಂದೆ 1926ರಲ್ಲಿ ಮೈಸೂರಿನ ದಿವಾನರಾದರು. ತರಗತಿಯಲ್ಲಿ ಪಕ್ಕದಲ್ಲಿ ಕೂತವರು ಬದುಕಿನುದ್ದಕ್ಕೂ ಜೊತೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಒಡೆಯರು ಪೂರ್ಣಾಧಿಕಾರ ವಹಿಸಿಕೊಂಡರು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಈ ಕೆಲಸಗಳನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ, ನಾನು ಬೇಗ ದಾಟಿದೆ. ನಾನು ನಿಂತು ಹೇಳಿದ್ದು ಮುಂದಿನ ಎರಡು ಸಂಗತಿಗಳನ್ನು.

ಮೊದಲನೆಯದು ವಿಶ್ವವಿದ್ಯಾನಿಲಯ. ಮೈಸೂರಿನಲ್ಲಿ ಮಹಾರಾಜಾ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಇದ್ದವು. ಆದರೆ ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಠ್ಯ ಅಲ್ಲಿಯದು, ಪರೀಕ್ಷೆ ಅಲ್ಲಿಯದು, ಪದವಿಯೂ ಅಲ್ಲಿಯದೇ. ಮೈಸೂರಿನ ಹುಡುಗ ಏನು ಓದಬೇಕು ಎಂಬುದನ್ನು ಮೈಸೂರು ತೀರ್ಮಾನಿಸುವಂತಿರಲಿಲ್ಲ. ಸರ್ಕಾರದ ದೊಡ್ಡ ಹುದ್ದೆಗಳಿಗೂ ಮದ್ರಾಸಿನ ಕಡೆಯವರೇ ಹೆಚ್ಚಾಗಿ ಬರುತ್ತಿದ್ದುದರಿಂದ, ಮೈಸೂರು ಮೈಸೂರಿನವರಿಗೆ ಎಂಬ ಕೂಗು ಆಗಲೇ ಎದ್ದಿತ್ತು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯೊಂದಿಗೆ ಒಡೆಯರು 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಕುಲಾಧಿಪತಿ ಸ್ವತಃ ಒಡೆಯರು, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಮೂರು ವರ್ಷ ಮೊದಲೇ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದಿತ್ತು. ಕೆಳಗಿನ ಮೆಟ್ಟಿಲು ಮತ್ತು ಮೇಲಿನ ಮೆಟ್ಟಿಲು ಎರಡನ್ನೂ ಒಂದೇ ಸರ್ಕಾರ ಕಟ್ಟಿತು.

ಎರಡನೆಯದು ಮಿಲ್ಲರ್ ಸಮಿತಿ. ಬಾಗಿಲು ತೆರೆದರೂ ಒಳಗೆ ಬರುವವರು ಕೆಲವೇ ಜಾತಿಯವರಾಗಿದ್ದರು. ಹಿಂದುಳಿದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಲಿ ಕಟ್ಟಿ, ಒಡೆಯರಲ್ಲಿ ಅಹವಾಲು ಸಲ್ಲಿಸಿದರು. 1918ರಲ್ಲಿ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಭಿನ್ನಾಭಿಪ್ರಾಯ ಬಗೆಹರಿಯದೆ ಅವರು ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ತಾವೇ ಆರಿಸಿ ತಂದ, ವಿಶ್ವವಿದ್ಯಾನಿಲಯ ಕಟ್ಟಲು ಹೆಗಲು ಕೊಟ್ಟ ದಿವಾನರನ್ನು ಕಳೆದುಕೊಂಡರೂ ಒಡೆಯರು ಹಿಂದೆ ಸರಿಯಲಿಲ್ಲ. 1919ರಲ್ಲಿ ವರದಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕು ಎಂದು ಅದು ಶಿಫಾರಸು ಮಾಡಿತು. 1940ರ ಆಗಸ್ಟ್ 3ರಂದು ಒಡೆಯರು ತೀರಿಕೊಂಡಾಗ, ಈ ಎರಡು ಏರ್ಪಾಡುಗಳ ಫಲ ಪಡೆದ ಒಂದು ತಲೆಮಾರು ಆಗಲೇ ಬೆಳೆದು ನಿಂತಿತ್ತು.

ಇಲ್ಲಿ ನಾನು ಕಪ್ಪು ಹಲಗೆಯ ಮೇಲೆ ನಕ್ಷೆ ಬರೆದೆ. ಆ ಕಾಲದಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿ ಯಾವ ರಾಜ್ಯದಲ್ಲಿದ್ದವು ಎಂದು ಕೇಳಿದೆ. ಬಹುತೇಕ ಎಲ್ಲರೂ ಮೈಸೂರು ಎಂದರು. ವಾಸ್ತವವಾಗಿ ಈ ಊರುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಬೇರೆಯೇ ಸಂಸ್ಥಾನ. ಮನೆಯಲ್ಲಿ ಕನ್ನಡ ಮಾತಾಡುವ ಕಂಪ್ಲಿಯ ಹುಡುಗ ಮೈಸೂರಿನ ಲೆಕ್ಕದಲ್ಲಿ ಹೊರಗಿನವನು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ನಾವು ಒಳಗಿನವರಾದದ್ದು. ಹಾಗಾದರೆ ಒಡೆಯರು ನಮ್ಮವರು ಹೇಗೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಅವಳ ಪ್ರಶ್ನೆ ಪಾಠವನ್ನು ಮುಂದಕ್ಕೆ ಎಳೆಯಿತು. ಗೆರೆ ಎಲ್ಲಿ ಎಳೆದರೂ ಆಚೆ ಕೆಲವು ಮಕ್ಕಳು ಉಳಿಯುತ್ತಾರೆ. ಆದರೆ ಮೊದಲು ನಾಡಿನ ಮಕ್ಕಳಿಗೆ ಜಾಗ, ಅವರಲ್ಲಿಯೂ ಹಿಂದೆ ಉಳಿದವರಿಗೆ ಕೈಹಿಡಿಯುವಿಕೆ ಎಂಬ ಒಡೆಯರ ಎರಡು ಹೆಜ್ಜೆಗಳು ಗೆರೆ ದಾಟಿ ನಮ್ಮವರೆಗೂ ಬಂದಿವೆ.

ಸಂವಿಧಾನದ 371(ಜೆ) ವಿಧಿ ಮತ್ತು ಅದರಡಿ 2013ರಲ್ಲಿ ಬಂದ ಆದೇಶದ ಪ್ರಕಾರ ಇಂದಿನ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು ಇಲ್ಲಿಯವರಿಗೆ ಮೀಸಲು. ಬಳ್ಳಾರಿ ಜಿಲ್ಲೆಯೂ ವಿಜಯನಗರ ಜಿಲ್ಲೆಯೂ ಇದರೊಳಗಿವೆ. 2010ರಲ್ಲಿ ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಬಂತು. ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ: 60 ಸೀಟಿನ ಕೋರ್ಸಿನಲ್ಲಿ 42 ಸ್ಥಳೀಯರಿಗೆ. 42 ಸೀಟಿಗೆ 400 ಅರ್ಜಿ ಬಂದರೆ? ಆಗ ತರಗತಿ ಸುಮ್ಮನಾಯಿತು. ಪಾಲು ಖಚಿತ, ಪ್ರತಿಯೊಬ್ಬರಿಗೂ ಸೀಟು ಖಚಿತವಲ್ಲ; ಸ್ಥಳೀಯರ ನಡುವೆಯೂ ಅಂಕ ಬೇಕು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಪ್ರೌಢಶಾಲೆಯ ಮೇಲಿನ ಶ್ರೇಣಿಯ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾನಿಲಯದ ಪ್ರವೇಶವನ್ನೇ ಖಾತರಿ ಮಾಡುವ ಕಾನೂನು 1997ರಿಂದ ಇದೆ. ನಮ್ಮದು ಅಂಥದ್ದಲ್ಲ ಎಂಬ ವ್ಯತ್ಯಾಸವೂ ಮಕ್ಕಳಿಗೆ ತಿಳಿದಿರಲಿ.

ಇನ್ನೊಂದು ಮಾತು. ಈ ಪಾಲು ತಾನಾಗಿ ಬರುವುದಿಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ 371(ಜೆ) ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ನಾನು ಪಾಠ ಮಾಡಿದ ತರಗತಿಯಲ್ಲಿ ಅದು ಕೈಯಲ್ಲಿದ್ದವರು ನಾಲ್ಕೇ ಮಂದಿ. ಗಣಿ ಕೆಲಸಕ್ಕೆ, ಕಬ್ಬು ಕಡಿಯಲು ಹೋಗುವ ತಂದೆತಾಯಿಗೆ ಅದರ ಸುದ್ದಿಯೇ ತಲುಪಿಲ್ಲ. ಅರಮನೆಯಲ್ಲಿ ಹುಟ್ಟಿದ ದೊರೆ ಬಾಗಿಲು ತೆರೆಸಿದರು. ಆ ಬಾಗಿಲು ಎಲ್ಲಿದೆ ಎಂದು ತೋರಿಸುವುದು ತರಗತಿಯಲ್ಲಿ ನಿಂತ ನಮ್ಮ ಕೆಲಸ. ಈ ಪಾಠ ಮಾಡುವ ಸಹಪಾಠಿಗಳು ಕೊನೆಯ ಐದು ನಿಮಿಷವನ್ನು ಆ ಪ್ರಮಾಣಪತ್ರದ ಅರ್ಜಿಗೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ.